ವಿಮಾನ ಇಳಿಯದೆ ಯಾಕ ಹೊಳ್ಳಿ ಹೋಗ್ತದ?



ಚಳಿಗಾಲ ಬಂತೆಂದರೆ ಪತ್ರಿಕೆಯಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಬೆಂಗಳೂರಿನಲ್ಲಿ ದಟ್ಟ ಮಂಜು, ವಿಮಾನಗಳು ಚೆನ್ನೈಗೆ, ಹೈದರಾಬಾದಿಗೆ ಹೋದವು ಎಂದು. ಮಳೆಗಾಲದಲ್ಲಿ ಇದೇ ಸುದ್ದಿ ಮಂಗಳೂರಿನಿಂದ ಬರುತ್ತದೆ. ಓದಿದವರು ಕೇಳುವ ಪ್ರಶ್ನೆ ಒಂದೇ: "ಕೋಟಿಗಟ್ಟಲೆ ರೂಪಾಯಿ ವಿಮಾನ, ಒಳಗ ಕಂಪ್ಯೂಟರ್ ಅದಾವ, ರಾಡಾರ್ ಅದ. ಒಂದು ಮಂಜಿಗೆ ಅಂಜಿ ಬ್ಯಾರೆ ಊರಿಗೆ ಓಡ್ತದಂದ್ರ ಏನಿದು?" ಈಗ ನಮ್ಮ ಜಿಲ್ಲೆಗೂ ವಿಮಾನ ನಿಲ್ದಾಣ ಬಂದಿದೆ. 2019ರ ನವೆಂಬರ್ 22ರಂದು ಕಲಬುರಗಿ ಹತ್ತಿರದ ಶ್ರೀನಿವಾಸ ಸರಡಗಿಯಲ್ಲಿ ಅದರ ಉದ್ಘಾಟನೆ ಆಯಿತು. ಆದ್ದರಿಂದ ಇದು ಬರೇ ದೊಡ್ಡ ಊರಿನವರ ವಿಷಯ ಅಂತ ಬಿಡುವ ಹಾಗಿಲ್ಲ.

ಮೊದಲು ಒಂದು ಮಾತು ತಿಳಿಯಬೇಕು. ಭೀಮಾ ನದಿಗೆ ನೆರೆ ಬಂದು ಸೇತುವೆ ಮುಳುಗಿದರೆ ಬಸ್ಸಿನ ಡ್ರೈವರ್ ಈ ದಂಡೆಯಲ್ಲೇ ಗಾಡಿ ನಿಲ್ಲಿಸಿ, ಚಹಾ ಕುಡಿದು, ನೀರು ಇಳಿಯುವ ತನಕ ಕೂಡಬಹುದು. ವಿಮಾನಕ್ಕೆ ಆ ಭಾಗ್ಯ ಇಲ್ಲ. ಅದು ಆಕಾಶದಲ್ಲಿ ನಿಲ್ಲಲಾರದು. ಸುತ್ತು ಹಾಕುತ್ತ ಕಾಯಬಹುದು, ಆದರೆ ಕಾಯುವ ಪ್ರತಿ ನಿಮಿಷಕ್ಕೂ ಎಣ್ಣೆ ಉರಿಯುತ್ತಿರುತ್ತದೆ. ಅದಕ್ಕೇ ಬೇರೆ ಊರಿಗೆ ಹೋಗುವ ವಿಚಾರವನ್ನು ಗಾಬರಿಯಾದಾಗ ಮಾಡುವುದಿಲ್ಲ, ಹೊರಡುವ ಮೊದಲೇ ಮಾಡಿರುತ್ತಾರೆ. ಮುಟ್ಟುವ ಊರಿಗೆ ಎಷ್ಟು ಎಣ್ಣೆ ಬೇಕೋ ಅಷ್ಟು, ದಾರಿಯಲ್ಲಿ ಗಾಳಿ ಎದುರಾದರೆ ಅಂತ ಸ್ವಲ್ಪ, ಅಲ್ಲಿ ಇಳಿಯಲು ಆಗದಿದ್ದರೆ ಗೊತ್ತು ಮಾಡಿದ ಎರಡನೇ ಊರಿಗೆ ಹೋಗಲು ಬೇಕಾದಷ್ಟು, ಇದೆಲ್ಲ ಮುಗಿದ ಮೇಲೂ ಜೆಟ್ ವಿಮಾನದಲ್ಲಿ 30 ನಿಮಿಷ ಹಾರುವಷ್ಟು. ಈ ಕೊನೆಯ ಮೂವತ್ತು ನಿಮಿಷದ ಎಣ್ಣೆಗೆ ಕೈ ಹಚ್ಚುವ ಪ್ರಸಂಗ ಬಂದರೆ ಪೈಲಟ್ 'ಮೇಡೇ ಫ್ಯೂಯಲ್' ಎಂದು ರೇಡಿಯೋದಲ್ಲಿ ಕೂಗಬೇಕು. ಆಗ ಉಳಿದ ವಿಮಾನಗಳೆಲ್ಲ ಸರಿದು ಅದಕ್ಕೆ ದಾರಿ ಬಿಡಬೇಕು. ಅಲ್ಲಿಯ ತನಕ ಹೋಗಬಾರದು ಅಂತಲೇ ಮೊದಲೇ ಹೊಳ್ಳುವುದು.

ಇನ್ನು ಮಂಜಿನ ಮಾತು. ಮೋಡ, ಮಂಜಿನಲ್ಲಿ ಹಾರಲಿಕ್ಕೆ ವಿಮಾನಕ್ಕೆ ತ್ರಾಸಿಲ್ಲ. ತ್ರಾಸು ಇರುವುದು ಕೊನೆಯ ಒಂದು ಕಿಲೋಮೀಟರಿನಲ್ಲಿ. ಗಾಳಿ ಇಲ್ಲದ, ಆಕಾಶ ತಿಳಿಯಾಗಿರುವ ಚಳಿ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ಹತ್ತಿದ ಗಾಳಿಯೂ ತಣ್ಣಗಾಗಿ ಅದರೊಳಗಿನ ತೇವ ಹನಿಯಾಗುತ್ತದೆ. ಅದೇ ಮಂಜು. ನಮ್ಮ ಕಡೆ ಇಂಥ ಮಂಜು ಬಿದ್ದರೆ ತೊಗರಿ ಹೂ ಉದುರುತ್ತದೆ ಅಂತ ಮನೆಯವರು ಚಿಂತೆ ಮಾಡ್ತಾರಲ್ಲ, ಆ ಮಂಜೇ ಇದು. ಇದು ನೆಲಕ್ಕೆ ಅಂಟಿಕೊಂಡು ತೆಳ್ಳಗೆ ಹಾಸಿರುತ್ತದೆ. ಮೇಲಿನಿಂದ ನೆಟ್ಟಗೆ ಕೆಳಗೆ ನೋಡಿದರೆ ರನ್‌ವೇ ಕಾಣುತ್ತದೆ ಕೂಡ! ಆದರೆ ಇಳಿಯುವಾಗ ಪೈಲಟ್ ಓರೆಯಾಗಿ, ಮಂಜಿನ ಉದ್ದಕ್ಕೂ ನೋಡಬೇಕು. ಆಗ ಏನೂ ಕಾಣದು.

ಕಣ್ಣಿಗೆ ಕಾಣದ್ದನ್ನು ತೋರಿಸಲು ನೆಲದ ಮೇಲೆ ಯಂತ್ರಗಳಿವೆ. ಮುಖ್ಯವಾದದ್ದು ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್, ಚಿಕ್ಕದಾಗಿ ಐಎಲ್ಎಸ್. ಇದು ಎರಡು ರೇಡಿಯೋ ಕಿರಣಗಳ ಆಟ. ಒಂದು ಕಿರಣ ರನ್‌ವೇಯ ನಡುಗೆರೆ ತೋರಿಸುತ್ತದೆ, ಇನ್ನೊಂದು ಇಳಿಜಾರು ತೋರಿಸುತ್ತದೆ. ನಮ್ಮ ಎಫ್.ಎಂ. ರೇಡಿಯೋ 108 ಮೆಗಾಹರ್ಟ್ಜ್‌ಗೆ ಮುಗಿಯುತ್ತದಲ್ಲ, ಅದರ ಆಚೆ ಪಕ್ಕದಲ್ಲೇ, 112ರ ಒಳಗೆ, ನಡುಗೆರೆಯ ಕಿರಣ ಇರುತ್ತದೆ. ಅದರೊಳಗೆ ಎರಡು ಸ್ವರ: 90 ಹರ್ಟ್ಜ್ ಒಂದು, 150 ಹರ್ಟ್ಜ್ ಒಂದು. ವಿಮಾನ ನಡುಗೆರೆಯ ಎಡಕ್ಕೆ ಸರಿದರೆ 90ರ ಸ್ವರ ಜೋರಾಗುತ್ತದೆ, ಬಲಕ್ಕೆ ಸರಿದರೆ 150ರದು. ಎರಡೂ ಸಮನಾದರೆ ಪೈಲಟ್ ಮುಂದಿನ ಮುಳ್ಳು ನಡುವೆ ನಿಲ್ಲುತ್ತದೆ. ಇಳಿಜಾರಿನ ಕಿರಣವೂ ಹೀಗೆಯೇ. ಅದರ ಕೋನ ಸಾಮಾನ್ಯವಾಗಿ 3 ಡಿಗ್ರಿ. ಹತ್ತನೆಯ ತರಗತಿಯವರು ಟ್ಯಾನ್ 3 ಡಿಗ್ರಿ ತೆಗೆದು ನೋಡಿರಿ, ಸುಮಾರು 0.052 ಬರುತ್ತದೆ. ಅಂದರೆ ಚಕ್ರ ಮುಟ್ಟುವ ಜಾಗ 10 ಕಿಲೋಮೀಟರ್ ದೂರ ಇರುವಾಗ ವಿಮಾನ ಸುಮಾರು 520 ಮೀಟರ್ ಎತ್ತರದಲ್ಲಿರಬೇಕು. ತ್ರಿಕೋನಮಿತಿ ಯಾತಕ್ಕೆ ಬರುತ್ತದೆ ಅಂತ ಕೇಳುವವರಿಗೆ ಇದು ಉತ್ತರ.

ಈ ಕಿರಣಗಳನ್ನು ನಂಬಿ ಸಾದಾ ಐಎಲ್ಎಸ್‌ನಲ್ಲಿ 60 ಮೀಟರ್, ಅಂದರೆ 200 ಅಡಿ ಎತ್ತರದ ತನಕ ಬರಬಹುದು. ಇದಕ್ಕೆ ನಿರ್ಧಾರದ ಎತ್ತರ ಎನ್ನುತ್ತಾರೆ. ಅಲ್ಲಿಗೆ ಬಂದಾಗ ರನ್‌ವೇಯೋ ಅದರ ದೀಪಗಳೋ ಕಣ್ಣಿಗೆ ಬಿದ್ದರೆ ಇಳಿಯಬೇಕು, ಬೀಳದಿದ್ದರೆ ಎಂಜಿನ್ ಜೋರು ಮಾಡಿ ಮೇಲೇಳಬೇಕು. 'ಇನ್ನಷ್ಟು ಕೆಳಗ ಹೋಗಿ ನೋಡೂಣು' ಅನ್ನುವಂತಿಲ್ಲ. ಯಾಕಂದ್ರ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿರುತ್ತದೆ. 60 ಮೀಟರ್ ಎತ್ತರದಿಂದ ನೆಲ ಮುಟ್ಟಲಿಕ್ಕೆ ಹದಿನಾರು ಸೆಕೆಂಡು ಸಾಕು. ನಾವು ಹಾಜರಿ ಕೂಗುವಾಗ ಎಂಟು ಹೆಸರು ಮುಗಿಯುವುದರೊಳಗೆ ಎಲ್ಲ ಆಗಿಬಿಡುತ್ತದೆ.

ಈಗ ಯಂತ್ರ ಕೆಟ್ಟರೆ ಏನಾಗುತ್ತದೆ ನೋಡೋಣ. ಸಾದಾ ಐಎಲ್ಎಸ್ ಇದ್ದರೆ ರನ್‌ವೇ ಮೇಲೆ 550 ಮೀಟರ್ ನೋಟ ಇದ್ದರೂ ಇಳಿಯಬಹುದು. ಅದು ಇಲ್ಲದಿದ್ದರೆ ಬೇರೆ ಒರಟು ಸಾಧನಗಳ ಮೇಲೆ ಬರಬೇಕು, ಆಗ ಇನ್ನೂ ಎತ್ತರದಿಂದಲೇ, ಇನ್ನೂ ದೂರದಿಂದಲೇ ರನ್‌ವೇ ಕಾಣಬೇಕು. ಬರೇ ಕಣ್ಣಿನ ಮೇಲೆ ಬರುವುದಾದರೆ 5 ಕಿಲೋಮೀಟರ್ ನೋಟ ಬೇಕು. ಮಂಜು ಅದೇ, ವಿಮಾನ ಅದೇ, ಪೈಲಟ್ ಅವನೇ. ನೆಲದ ಮೇಲಿನ ಒಂದು ಪೆಟ್ಟಿಗೆ ಬಂದ್ ಆಗಿದ್ದಕ್ಕೆ ವಿಮಾನ ಬೇರೆ ಊರಿಗೆ ಹೋಗುತ್ತದೆ. ಇನ್ನೊಂದು ಚೋದ್ಯ ಅಂದರೆ ಐಎಲ್ಎಸ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಕಿರಣ ಗೊತ್ತು ಮಾಡಿದ ಮಿತಿಗಿಂತ ಸೊಟ್ಟ ಆಯಿತೆಂದರೆ ಪಕ್ಕದಲ್ಲಿರುವ ಕಾವಲು ಯಂತ್ರ ಅದನ್ನು ನಿಲ್ಲಿಸಿಬಿಡುತ್ತದೆ, ವಿಮಾನದೊಳಗೆ ಕೆಂಪು ಬಾವುಟ ಕಾಣುತ್ತದೆ. ದಾರಿ ತೋರಿಸದವನಿಗಿಂತ ತಪ್ಪು ದಾರಿ ತೋರಿಸುವವನು ಕೆಟ್ಟವನಲ್ಲವೇ? ಆ ಕಾರಣಕ್ಕೇ ಮಂಜಿನ ಹೊತ್ತಿನಲ್ಲಿ ಕಿರಣದ ಮುಂದೆ ಜೀಪು, ಟ್ರ್ಯಾಕ್ಟರ್ ಸುಳಿಯಲೂ ಬಿಡುವುದಿಲ್ಲ. ಅವು ಅಡ್ಡ ಬಂದರೆ ಕಿರಣ ಬಾಗುತ್ತದೆ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2019ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ ತೆರೆದರು. 2020ರ ಡಿಸೆಂಬರಿನಲ್ಲಿ ಅದರ ಮೇಲೆ ಕ್ಯಾಟ್-3ಬಿ ಎಂಬ ಮೇಲಿನ ದರ್ಜೆಯ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಅದೇ ಮೊದಲು. ಮುಂಚೆ ಇಳಿಯಲು 550 ಮೀಟರ್, ಏರಲು 300 ಮೀಟರ್ ನೋಟ ಬೇಕಿತ್ತು. ಅದು 50 ಮತ್ತು 125 ಮೀಟರಿಗೆ ಇಳಿಯಿತು. ಹಾಗಾದರೆ ಆಮೇಲೂ ಬೆಂಗಳೂರಿನ ವಿಮಾನಗಳು ಯಾಕ ಹೊಳ್ಳಿದವು? ನೆಲದ ಯಂತ್ರ ಒಂದೇ ಇದ್ದರೆ ಸಾಲದು, ವಿಮಾನದೊಳಗೂ ಅದಕ್ಕೆ ತಕ್ಕ ಯಂತ್ರ ಇರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅನುಮತಿ ಇಲ್ಲ. ಜೊತೆಗೆ ಮಂಜಿನಲ್ಲಿ ಎರಡು ವಿಮಾನಗಳ ನಡುವೆ ಹೆಚ್ಚು ಅಂತರ ಬಿಡುತ್ತಾರೆ. ಸಾಲು ಉದ್ದ ಆಗುತ್ತದೆ, ಹಿಂದೆ ಇದ್ದವರ ಎಣ್ಣೆ ಕಾಯುವುದರಲ್ಲೇ ಮುಗಿಯುತ್ತ ಬರುತ್ತದೆ.

ಈ ವ್ಯವಸ್ಥೆ ಬರುವ ಒಂದು ವರ್ಷ ಮೊದಲು, 2019ರ ನವೆಂಬರ್ 11ರಂದು, ನಾಗಪುರದಿಂದ ಬಂದ ಗೋ ಏರ್ ವಿಮಾನವೊಂದು ಕೆಟ್ಟ ಹವೆಯಲ್ಲಿ ಬೆಂಗಳೂರಿನಲ್ಲಿ ಇಳಿಯಲು ಹೋಯಿತು. ಒಳಗೆ 180 ಪ್ರಯಾಣಿಕರು. ಚಕ್ರ ರನ್‌ವೇ ಬಿಟ್ಟು ಪಕ್ಕದ ಹುಲ್ಲು ಮಣ್ಣಿನ ಮೇಲೆ ಓಡಿತು. ಪೈಲಟ್ ಮತ್ತೆ ಮೇಲೆದ್ದರು, ಬೆಂಗಳೂರು ಬಿಟ್ಟು ಹೈದರಾಬಾದಿಗೆ ಹೋಗಿ ಇಳಿಸಿದರು. ಎಲ್ಲರೂ ಉಳಿದರು. ಆ ಕಂಪನಿ ಮುಂದೆ ಹೆಸರು ಬದಲಿಸಿಕೊಂಡು 2023ರ ಮೇ ತಿಂಗಳಲ್ಲಿ ಹಾರಾಟವನ್ನೇ ನಿಲ್ಲಿಸಿತು, ಅದು ಬೇರೆ ಕಥೆ. ಹೈದರಾಬಾದಿನ ತನಕ ಹೋಗಲು ಎಣ್ಣೆ ಇತ್ತಲ್ಲ, ಅದನ್ನು ಗಮನಿಸಿರಿ.

ಹೊಳ್ಳದೆ ಹೋದದ್ದರ ಕಥೆ ಮಂಗಳೂರಿನದು. ಇದನ್ನು ನಾನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. 2010ರ ಮೇ 22, ಬೆಳಿಗ್ಗೆ ಆರು ಗಂಟೆ ಸುಮಾರು. ದುಬೈಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ 166 ಜನರನ್ನು ಹೊತ್ತು ಬರುತ್ತಿತ್ತು. ಮಂಜು ಇರಲಿಲ್ಲ, ನೋಟ 6 ಕಿಲೋಮೀಟರ್ ಇತ್ತು. ಆದರೆ ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ರಾಡಾರ್ ಇಲ್ಲದ ಕಾರಣ ಕೆಳಗಿಳಿಯಲು ಅನುಮತಿ ಎಂದಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು. ಅಲ್ಲಿಂದ ಲಗುಬಗೆಯಿಂದ ಇಳಿಯಬೇಕಾಯಿತು. ವಿಚಾರಣೆಯ ವರದಿ ಹೇಳುವಂತೆ ಕ್ಯಾಪ್ಟನ್ ಹಾದಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದಿದ್ದರು. ನಿಲ್ದಾಣ ಸಮೀಪಿಸಿದಾಗ ವಿಮಾನ ಇರಬೇಕಾದದ್ದರ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಅಂದರು. ಇಳಿಯುವುದು ಬೇಡ, ಮೇಲೇಳು ಅಂತ ಅದರ ಅರ್ಥ. ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ.

ಅಲ್ಲಿನ ರನ್‌ವೇ 8,033 ಅಡಿ ಉದ್ದ, ಗುಡ್ಡ ಸಮ ಮಾಡಿ ಕಟ್ಟಿದ್ದು. ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಮುಂದೆ. ಉಳಿದದ್ದು 2,800 ಅಡಿ ಮಾತ್ರ. ಆ ಹೊತ್ತಿನಲ್ಲಿ ಕ್ಯಾಪ್ಟನ್ ಮತ್ತೆ ಮೇಲೇಳಲು ನೋಡಿದರು. ವಿಮಾನ ಕೊನೆ ದಾಟಿ ಕಣಿವೆಗೆ ಬಿದ್ದು ಬೆಂಕಿ ಹತ್ತಿತು. 158 ಜನ ತೀರಿಹೋದರು, ಉಳಿದವರು 8 ಮಂದಿ. ಗಲ್ಫ್‌ನಲ್ಲಿ ದುಡಿದು ಮನೆಗೆ ಬರುತ್ತಿದ್ದವರು ಅದರಲ್ಲಿ ಬಹಳ ಜನ ಇದ್ದರು.

ರಾಡಾರ್ ಕೆಟ್ಟದ್ದೇ ವಿಮಾನವನ್ನು ಕೆಡವಿತು ಎಂದು ನಾನು ಹೇಳುವುದಿಲ್ಲ. ವರದಿಯೂ ಮುಖ್ಯ ಕಾರಣ ಅಂತ ಹೇಳಿದ್ದು ಕ್ಯಾಪ್ಟನ್ ಇಳಿಯುವುದನ್ನು ಬಿಡಲಿಲ್ಲ ಎಂಬುದನ್ನೇ. ರಾಡಾರ್ ಮಾತನ್ನು ಜೊತೆಗಿನ ಕಾರಣವಾಗಿ ಬರೆದಿದೆ. ನೆಲದ ಯಂತ್ರ ಕೆಟ್ಟದ್ದು ಕೆಲಸವನ್ನು ಬಿಗಿ ಮಾಡಿತು. ಹೊಳ್ಳುವ ದಾರಿ ಮಾತ್ರ ತೆರೆದೇ ಇತ್ತು.

ಶಿವಮೊಗ್ಗದಲ್ಲಿ ಇದರ ಉಲ್ಟಾ ಆಯಿತು. ಅಲ್ಲಿಯ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ವಿಮಾನ ಓಡಿತು. ಮಲೆನಾಡಿನ ಮಂಜು, ಮೋಡದ ದಿನಗಳಲ್ಲಿ ವಿಮಾನ ಇಳಿಯದೆ ಬೆಂಗಳೂರಿಗೆ ಹೊಳ್ಳಿದ ಸುದ್ದಿ ಬರತೊಡಗಿತು. ಜನ ಬೇಜಾರು ಮಾಡಿಕೊಂಡರು. ಅವರ ಬೇಜಾರು ಖರೇ. ಮದುವೆಗೆ ಹೊರಟವರು, ದವಾಖಾನೆಗೆ ಹೊರಟವರು ಇರುತ್ತಾರೆ. ಆದರೆ ಆ ಸಿಟ್ಟನ್ನು ಪೈಲಟ್ ಮೇಲೆ ತೋರಿಸುವುದು ನನ್ನ ಪ್ರಕಾರ ಸರಿಯಲ್ಲ. ಕೇಳಬೇಕಾದದ್ದು, ರನ್‌ವೇ ಕಟ್ಟುವಾಗಲೇ ದಾರಿ ತೋರಿಸುವ ಯಂತ್ರವನ್ನೂ ಯಾಕ ಕೂಡಿಸಲಿಲ್ಲ ಅಂತ. ರಸ್ತೆ ಮಾಡಿ ಸೇತುವೆ ಬಿಟ್ಟಂಗ ಆಗ್ತದ.

"ಈಗ ಮೊಬೈಲ್‌ನಾಗೂ ಜಿ.ಪಿ.ಎಸ್. ಅದ, ಈ ಹಳೇ ಕಿರಣ ಯಾತಕ್ಕ ಬೇಕು?" ಎಂದು ನೀವು ಕೇಳಬಹುದು. ಉಪಗ್ರಹದಿಂದಲೂ ಇಳಿಯಬಹುದು. ನಮ್ಮ ದೇಶದ ಗಗನ್ ವ್ಯವಸ್ಥೆಯಿಂದ 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನವೊಂದು ಇಳಿದು ತೋರಿಸಿತು. ಆದರೆ ಉಪಗ್ರಹದ ಸಂಕೇತ ನಮ್ಮ ತನಕ ಬರುವಷ್ಟರಲ್ಲಿ ಬಹಳ ಕ್ಷೀಣವಾಗಿರುತ್ತದೆ. ಯಾರಾದರೂ ನೆಲದಿಂದ ಅದೇ ತರದ ಸುಳ್ಳು ಸಂಕೇತ ಜೋರಾಗಿ ಬಿಟ್ಟರೆ ಯಂತ್ರ ಅದನ್ನೇ ಖರೇ ಅಂತ ನಂಬುತ್ತದೆ. ಇದಕ್ಕೆ ಸ್ಪೂಫಿಂಗ್ ಎನ್ನುತ್ತಾರೆ. 2025ರ ನವೆಂಬರಿನಲ್ಲಿ ದೆಹಲಿಯಲ್ಲಿ ಹೀಗಾಯಿತು. 10ನೇ ನಂಬರಿನ ರನ್‌ವೇಗೆ ಜಿ.ಪಿ.ಎಸ್. ಮೇಲೆ ಬರುತ್ತಿದ್ದ ಕೆಲವು ವಿಮಾನಗಳಿಗೆ ಸುಳ್ಳು ಸಂಕೇತ ಸಿಕ್ಕಿತು, ಅವು ಬೇರೆ ವಿಧಾನ ಹಿಡಿಯಬೇಕಾಯಿತು. ಮರು ತಿಂಗಳು ವಿಮಾನಯಾನ ಮಂತ್ರಿಗಳು ಸಂಸತ್ತಿನಲ್ಲಿ ಇದನ್ನು ಒಪ್ಪಿ ಉತ್ತರ ಕೊಟ್ಟರು. ಬೆಂಗಳೂರು, ಹೈದರಾಬಾದ್, ಮುಂಬೈ, ಚೆನ್ನೈಗಳಿಂದಲೂ ಇಂಥ ವರದಿ ಬಂದಿವೆ ಎಂದರು. ಅದೇ ಉತ್ತರದಲ್ಲಿ ಇನ್ನೊಂದು ಮಾತೂ ಇತ್ತು: ದೆಹಲಿಯ ಉಳಿದ ರನ್‌ವೇಗಳ ಕಡೆ ನೆಲದ ಹಳೆಯ ಯಂತ್ರಗಳು ನಡೆಯುತ್ತಿದ್ದವು, ಅಲ್ಲಿ ವಿಮಾನಗಳಿಗೆ ತೊಂದರೆ ಆಗಲಿಲ್ಲ.