ರಸಾವರಿ: ಗೊಬ್ಬರದ ಲೆಕ್ಕದ ಜೊತೆ ನೀರಿನ ಲೆಕ್ಕ

ಸಾಂಗ್ಲಿ, ಮಿರಜ್ ಸೀಮೆಯ ಎರೆಭೂಮಿ ಕಬ್ಬು, ದ್ರಾಕ್ಷಿ, ಅರಿಷಿಣಕ್ಕೆ ಹೆಸರಾದದ್ದು. ಮಹಾರಾಷ್ಟ್ರದಲ್ಲಿ ದೀರ್ಘಾವಧಿಯ ಅಡಸಾಲಿ ಕಬ್ಬಿಗೆ ಹೆಕ್ಟೇರಿಗೆ 400 ಕಿಲೋ ಸಾರಜನಕದ ಶಿಫಾರಸಿದೆ. ಯೂರಿಯಾದಲ್ಲಿ ಸಾರಜನಕ ಶೇ. 46. ಎಲ್ಲವನ್ನೂ ಯೂರಿಯಾದಿಂದಲೇ ಕೊಟ್ಟರೆ 45 ಕಿಲೋದ ಸುಮಾರು 19 ಚೀಲ ಬೇಕು. ಇಷ್ಟನ್ನು ಎರಡು ಮೂರು ಕಂತಿನಲ್ಲಿ ಚೆಲ್ಲಿ ಸಾಲು ತುಂಬ ನೀರು ಹಾಯಿಸಿದರೆ ಬೇರಿಗೆ ಸಿಗುವುದಕ್ಕಿಂತ ಪೋಲಾಗುವುದೇ ಹೆಚ್ಚು. ಹನಿ ನೀರಾವರಿಯ ಕೊಳವೆಯಲ್ಲೇ ಗೊಬ್ಬರ ಕರಗಿಸಿ ಕೊಡುವ ರಸಾವರಿ ಇದಕ್ಕೆ ಒಳ್ಳೆಯ ಪರಿಹಾರ. ಆದರೆ ಕೊಳವೆಗೆ ಗೊಬ್ಬರ ಎಳೆದುಕೊಡುವ ವೆಂಚುರಿ ಕೂಡಿಸಿದ ಮಾತ್ರಕ್ಕೆ ಗೊಬ್ಬರ ಉಳಿಯುವುದಿಲ್ಲ. ನೀರನ್ನು ಯಾವಾಗ ನಿಲ್ಲಿಸುತ್ತೇವೆ ಎಂಬುದರ ಮೇಲೆ ಉಳಿತಾಯ ನಿಂತಿದೆ.

ಕಾರಣ ಮಣ್ಣಿನ ರಸಾಯನದಲ್ಲಿದೆ. ಯೂರಿಯಾ ಕಣಕ್ಕೆ ವಿದ್ಯುದಂಶವಿಲ್ಲ, ನೀರು ಹೋದಲ್ಲಿ ಅದೂ ಹೋಗುತ್ತದೆ. ಕೆಲವೇ ದಿನಗಳಲ್ಲಿ ಯೂರಿಯೇಸ್ ಕಿಣ್ವ ಅದನ್ನು ಅಮೋನಿಯಂ ಮಾಡುತ್ತದೆ. ಋಣ ಅಂಶದ ಜೇಡಿಕಣ ಈ ಧನ ಅಂಶದ ಅಮೋನಿಯಂ ಅನ್ನು ಹಿಡಿದಿಡುತ್ತದೆ. ಮುಂದೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಆಗಿಸಿದಾಗ ಹಿಡಿತ ತಪ್ಪುತ್ತದೆ. ನೀರು ಹೆಚ್ಚಾದರೆ ನೈಟ್ರೇಟ್ ಬೇರಿನ ಕೆಳಕ್ಕೆ ಇಳಿಯುತ್ತದೆ. ಅದಕ್ಕೇ ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಕೊಳವೆ ತೊಳೆಯುವಷ್ಟು ಮಾತ್ರ ನೀರು ಎಂಬ ಕ್ರಮ. ತೊಳೆದ ಮೇಲೂ ಗಂಟೆಗಟ್ಟಲೆ ಪಂಪ್ ಓಡಿದರೆ ಕೊಟ್ಟ ಯೂರಿಯಾವನ್ನು ನಾವೇ ಆಳಕ್ಕೆ ತಳ್ಳಿದಂತೆ.

ಎರೆಮಣ್ಣಿನಲ್ಲಿ ನೀರು ಇಂಗುವುದೇ ನಿಧಾನ, ನೈಟ್ರೇಟ್ ಎಲ್ಲಿಗೆ ಹೋದೀತು ಎಂದು ಕೆಲವರು ಕೇಳುತ್ತಾರೆ. ಒಣಗಿದ ಎರೆಯ ಬಿರುಕುಗಳಲ್ಲಿ ನೀರು ನೇರವಾಗಿ ಕೆಳಗಿಳಿಯುತ್ತದೆ. ತೊಯ್ದು ಬಿರುಕು ಮುಚ್ಚಿದ ಮೇಲೆ ಗಾಳಿಯಾಡದೆ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರಸ್ ಆಕ್ಸೈಡ್ ಮಾಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ನದಿತೀರದ ಸವಳು-ಜವಳು ಹೊಲಗಳಿಗೆ ನೀರಿನ ಈ ಎಚ್ಚರ ಇನ್ನಷ್ಟು ಅನ್ವಯ. ಸವಳು ತೊಳೆಯಲು ಹೆಚ್ಚು ನೀರು ಬೇಕೆಂಬುದು ನಿಜ. ಆದರೆ ಬಸಿಗಾಲುವೆ ತೆಗೆದು, ಗೊಬ್ಬರ ಕೊಡುವ ಮೊದಲೇ ಆ ಕೆಲಸ ಮುಗಿಸಬೇಕು. ಸಬ್ಸಿಡಿಯ ಯೂರಿಯಾ ಅಗ್ಗ, ಉಳಿಸಿ ಏನು ಲಾಭ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ನೈಟ್ರೇಟ್ ಇಳಿದು ಬಾವಿ ಕೆಟ್ಟರೆ ಅದಕ್ಕೆ ಸಬ್ಸಿಡಿ ಇಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಮೀರಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು.

ಆದ್ದರಿಂದ ಡ್ರಿಪ್ ಹಾಕಿದ ರೈತರು ಮಣ್ಣು ಪರೀಕ್ಷಿಸಿ, ಯೂರಿಯಾವನ್ನು ವಾರವಾರದ ಸಣ್ಣ ಕಂತುಗಳಾಗಿ ಹಂಚಿ, ಕೊಳವೆ ತೊಳೆದೊಡನೆ ಪಂಪ್ ನಿಲ್ಲಿಸಲಿ. ಕೃಷ್ಣೆ ಮಿರಜ್ ದಾಟಿ ಬೆಳಗಾವಿ ಜಿಲ್ಲೆಗೇ ಬರುತ್ತಾಳೆ. ಮೇಲಿನ ಹೊಲದ ಶಿಸ್ತು ಕೆಳಗಿನ ಊರಿನ ಆರೋಗ್ಯವೂ ಹೌದು.