ಹೊಸ ಅಕ್ಕಿಯ ಊಟಕ್ಕೆ ಮನೆಮಂದಿಯೆಲ್ಲ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ವಿಶ್ವದ ಕಥೋಲಿಕರೆಲ್ಲರೂ ಆಚರಿಸುವ ಈ ಹಬ್ಬವು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಕಥೋಲಿಕರಿಗೆ ಮೊಂತಿ ಫೆಸ್ತ್, ತೆನೆ ಹಬ್ಬ. ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಹಬ್ಬ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಫಾದರ್ ಜೋಕಿಂ ಮಿರಾಂದ ಅವರು ಇದನ್ನು ಆರಂಭಿಸಿದರೆಂಬುದು ನಡೆದುಬಂದ ಮಾತು. ಒಂಬತ್ತು ದಿನಗಳ ನೊವೇನ, ಮಕ್ಕಳ ಪುಷ್ಪಾರ್ಪಣೆ, ಹಬ್ಬದ ಬೆಳಿಗ್ಗೆ ತೆನೆಗಳ ಆಶೀರ್ವಾದ, ಮೆರವಣಿಗೆ, ಬಲಿಪೂಜೆ - ಇವೆಲ್ಲ ನಮ್ಮ ಓದುಗರಿಗೆ ತಿಳಿದವೇ. ತೆನೆ ಮನೆಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಇಲ್ಲಿ ಕೊಂಚ ವಿಚಾರಿಸಬಯಸುತ್ತೇವೆ.

ಮನೆಯ ಪೀಠದ ಮುಂದೆ ಮೇಣದ ಬತ್ತಿ ಹಚ್ಚಿ ಎಲ್ಲರೂ ಪ್ರಾರ್ಥಿಸುತ್ತಾರೆ. ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಹಿಡಿಯೂ ತುಂಬದ ಕಾಳು ಇಡೀ ಮನೆಗೆ ಸಾಲುವುದು ಹೀಗೆಯೇ. ಹಿರಿಯರು ಅದನ್ನು ಕೈಯಾರೆ ಹಂಚುತ್ತಾರೆ. ತೊಟ್ಟಿಲ ಕೂಸಿನ ತುಟಿಗೂ ಒಂದು ಹನಿ ತಾಗಿಸುತ್ತಾರೆ. ಅನಂತರವೇ ಬಾಳೆಯೆಲೆಯ ಊಟ. ಮೀನಿಲ್ಲದೆ ತುತ್ತಿಳಿಯದ ನಮ್ಮವರೂ ಅಂದು ಕೆಸುವಿನ ದಂಟು, ಅಂಬಟೆ, ಬೆಂಡೆ, ಹೀರೆಗಳಲ್ಲಿ ತೃಪ್ತರು! ಪಲ್ಯಗಳ ಸಂಖ್ಯೆ ಮೂರೋ ಐದೋ ಏಳೋ ಆಗಿ ಬೆಸವಾಗಿರಬೇಕೆಂದು ಅಜ್ಜಿಯಂದಿರ ಕಟ್ಟಪ್ಪಣೆ. ಏಕೆಂದು ಕೇಳಿದರೆ ಹಿಂದಿನಿಂದ ಹಾಗೆಯೇ ಎಂಬ ಉತ್ತರ ಸಿದ್ಧವಾಗಿರುತ್ತದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆಯಿತು. ಜಗದ್ಗುರು ಎರಡನೇ ಜಾನ್ ಪೌಲರು 1981ರ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ಈ ವಿಚಾರವನ್ನು ವಿಸ್ತರಿಸಿದರು. ದೊಡ್ಡ ಮಾತೆಂದು ಹಲವರು ಅದನ್ನು ಪ್ರಸಂಗಗಳಿಗೆ ಬಿಟ್ಟುಬಿಟ್ಟಿದ್ದಾರೆ. ಆದರೆ ಅಕ್ಷರ ಬಾರದ ಅಜ್ಜಿಯೊಬ್ಬಳು ಒಂದೇ ಪಾತ್ರೆಯಿಂದ ಎಲ್ಲರಿಗೂ ಹೊಸ ಅಕ್ಕಿಯ ಹಾಲು ಹಂಚುವಾಗ ಆ ಮಾತು ನಮ್ಮ ಕಣ್ಣೆದುರಿಗೇ ನಡೆಯುತ್ತದೆಯಲ್ಲವೇ?

ದೂರ ಇರುವವರಿಗೂ ಅದರಲ್ಲಿ ಪಾಲುಂಟು. ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಹೋದ ಮಕ್ಕಳಿಗೆ ತಾಯಂದಿರು ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಪತ್ರದೊಡನೆ ಅಂಚೆಗೆ ಹಾಕುತ್ತಿದ್ದರು. ಪತ್ರ ತಲುಪುವಾಗ ಹಬ್ಬ ಕಳೆದು ವಾರಗಳೇ ಆಗಿರುತ್ತಿದ್ದವು. ಆದರೂ ಕೋಣೆಯಲ್ಲಿದ್ದ ನಮ್ಮವರೆಲ್ಲ ಆ ಕಾಳುಗಳನ್ನು ಹಂಚಿಕೊಂಡು ತಿನ್ನುತ್ತಿದ್ದರು. ಇಂದು ಊಟದೆಲೆಯ ಚಿತ್ರ ಕ್ಷಣಮಾತ್ರದಲ್ಲಿ ಮೊಬೈಲಿಗೆ ಹೋಗುತ್ತದೆ. ಅದನ್ನು ನಾವು ಹಳಿಯುವುದಿಲ್ಲ. ಚಿತ್ರವನ್ನು ತಿನ್ನಲಾಗದು ಎಂಬುದಷ್ಟೇ ನಮ್ಮ ತಕರಾರು.

ನಮ್ಮನ್ನು ಹೆಚ್ಚು ಕಾಡುವುದು ದೂರದೇಶದವರ ಗೈರುಹಾಜರಿಯಲ್ಲ, ಅಂಗಳದಾಚೆಯವರದು. ಆಸ್ತಿ ಪಾಲಾದಂದಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಲಿಪೂಜೆಯಲ್ಲಿ ಪಾಲ್ಗೊಂಡು, ಬೇರೆ ಬೇರೆ ತೆನೆ ಹಿಡಿದು, ಒಂದೇ ದಾರಿಯಲ್ಲಿ ಮುಖ ತಿರುಗಿಸಿ ನಡೆಯುವುದನ್ನು ಕಾಣದ ಧರ್ಮಕೇಂದ್ರವುಂಟೇ? ವೃದ್ಧೆ ತಾಯಿ ಯಾರ ಮನೆಯಲ್ಲಿ ಉಣ್ಣಬೇಕು? ಒಬ್ಬನಲ್ಲಿ ಉಂಡರೆ ಇನ್ನೊಬ್ಬನಿಗೆ ಮುನಿಸು. ತಲೆನೋವಿನ ನೆಪ ಹೇಳಿ ಆಕೆ ತನ್ನ ಕೋಣೆಯಲ್ಲೇ ಉಳಿದರೆ ಆಶ್ಚರ್ಯವೇನು? ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಮೊದಲು ಅವನೊಡನೆ ಒಂದಾಗು ಎಂದು ಪ್ರಭು ಯೇಸು ಬೋಧಿಸಿದ್ದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿದೆ. ವರ್ಷವಿಡೀ ಜಪಸರ ಹೇಳಿಯೂ ಈ ಒಂದು ಹೆಜ್ಜೆ ಇಡಲಾಗದ ಮನೆಗಳಿವೆ. ಪೀಠದ ಅಲಂಕಾರ ಅಲ್ಲಿ ಎಷ್ಟೇ ಚೆಂದವಿರಲಿ, ಮಕ್ಕಳು ಕಲಿಯುವುದು ಮುನಿಸನ್ನೇ.

ನ್ಯಾಯಾಲಯದಲ್ಲಿರುವ ವ್ಯಾಜ್ಯ ಒಂದು ಲೋಟ ಹಾಲಿನಿಂದ ಮುಗಿಯುವುದಿಲ್ಲ ನಿಜ. ವ್ಯಾಜ್ಯ ಅದರ ಪಾಡಿಗೆ ನಡೆಯಲಿ. ಹಬ್ಬದಂದು ಹಾಲಿನ ಪಾತ್ರೆಯನ್ನು ಮಕ್ಕಳ ಕೈಯಲ್ಲಿ ಕೊಟ್ಟು ದೊಡ್ಡಪ್ಪನ ಮನೆಗೆ ಕಳುಹಿಸಲು ಯಾವ ನ್ಯಾಯಾಲಯದ ತಡೆಯಾಜ್ಞೆಯೂ ಇಲ್ಲ. ದೊಡ್ಡವರಿಗೆ ಎದುರಾಗುವ ಸಂಕೋಚ ಮಕ್ಕಳಿಗಿರುವುದಿಲ್ಲ. ಬಂದ ಮಕ್ಕಳನ್ನು ಅಂಗಳದಿಂದಲೇ ಹಿಂದಕ್ಕಟ್ಟುವಷ್ಟು ಕಲ್ಲೆದೆಯವರೂ ನಮ್ಮಲ್ಲಿ ವಿರಳ. ಕೆಲವು ಮನೆಗಳಲ್ಲಿ ಉಳಿದ ತೆನೆಯನ್ನು ಪೀಠದ ಶಿಲುಬೆಯ ಬಳಿ ಸಿಕ್ಕಿಸಿಡುವ ರೂಢಿಯಿದೆ. ಹಬ್ಬದಂದು ಬಾರದವರು ಕ್ರಿಸ್‌ಮಸ್‌ಗೆ ಬಂದರೂ ಅವರ ಪಾಲಿನ ಕಾಳು ಅಲ್ಲಿರುತ್ತದೆ.