ಮಾವಳ್ಳಿಯ ಅಡುಗೆಮನೆಯಿಂದ ಕಾರ್ಖಾನೆಗೆ: ಮಯ್ಯ ಮನೆತನದ ಉದ್ಯಮ

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ದಿನಸಿ ಅಂಗಡಿಗಳಲ್ಲಿ ಸಿಗುವ ಎಂಟಿಆರ್ ಸಾಂಬಾರ್ ಪುಡಿ, ಜಯನಗರ 4ನೇ ಬ್ಲಾಕಿನ ಮಯ್ಯಾಸ್ ಹೋಟೆಲು: ಈ ಮೂರೂ ಹುಟ್ಟಿದ್ದು ಒಂದೇ ಮನೆತನದಿಂದ. ಇಂದು ಮೂರೂ ಬೇರೆ ಬೇರೆ ಸಂಸ್ಥೆಗಳು. ಕಾಫಿ-ತಿಂಡಿಯ ಪುಟ್ಟ ಹೋಟೆಲೊಂದು ಆಹಾರ ತಯಾರಿಕಾ ಉದ್ಯಮವಾಗಿ ಬೆಳೆದು, ಕವಲೊಡೆದು, ಅದರ ಒಂದು ಕವಲು ವಿದೇಶಿ ಕಂಪನಿಯ ಕೈಸೇರಿದ ಕಥೆ ದಕ್ಷಿಣ ಬೆಂಗಳೂರಿನ ಉದ್ಯಮ ಚರಿತ್ರೆಯ ಮುಖ್ಯ ಅಧ್ಯಾಯ.

ಪರಂಪಳ್ಳಿಯಿಂದ ಬೆಂಗಳೂರಿಗೆ

ಮಯ್ಯರ ಮೂಲ ಉಡುಪಿ ಸೀಮೆಯ ಪರಂಪಳ್ಳಿ. ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ, ಯಜ್ಞನಾರಾಯಣ ಮಯ್ಯ ಸೋದರರು. ಕರಾವಳಿಯ ಹಲವು ಯುವಕರಂತೆ ಇವರೂ ಕೆಲಸ ಹುಡುಕಿಕೊಂಡು ಘಟ್ಟ ಹತ್ತಿದವರು. ಮೊದಲಿಗೆ ಬೆಂಗಳೂರಿನ ಸ್ಥಿತಿವಂತರ ಮನೆಗಳಲ್ಲಿ ಅಡುಗೆ ಕೆಲಸಕ್ಕೆ ನಿಂತರು. 1924ರಲ್ಲಿ ಲಾಲ್‌ಬಾಗ್ ಬಳಿ ‘ಬ್ರಾಹ್ಮಣರ ಕಾಫಿ ಕ್ಲಬ್’ ತೆರೆಯಿತು. ಇಡ್ಲಿ, ದೋಸೆ, ಕಾಫಿ ಅಲ್ಲಿನ ವ್ಯಾಪಾರ.

ಹೋಟೆಲಿಗೆ ಸ್ಪಷ್ಟ ಶಿಸ್ತು ತಂದವರು ಯಜ್ಞನಾರಾಯಣ ಮಯ್ಯ. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳು ನಡೆಯುವ ಬಗೆಯನ್ನು ನೋಡಿಬಂದರು. ಹಿಂದಿರುಗಿದ ಮೇಲೆ ಪಾತ್ರೆ, ತಟ್ಟೆ, ಲೋಟಗಳನ್ನು ಹಬೆಯಲ್ಲಿ ಶುಚಿಗೊಳಿಸುವ ಪದ್ಧತಿ ಜಾರಿಗೆ ಬಂತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದು ಎಂಬುದು ಹೋಟೆಲಿನ ಹೆಗ್ಗಳಿಕೆಯಾಯಿತು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು, ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆಯಿತು. ಜನರ ಬಾಯಲ್ಲಿ ಅದು ಎಂಟಿಆರ್.

ಅಕ್ಕಿಯ ಅಭಾವ, ರವೆಯ ಇಡ್ಲಿ

ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು, ದಕ್ಷಿಣ ಭಾರತದಲ್ಲಿ ಅಕ್ಕಿಗೆ ತತ್ವಾರವಾಯಿತು. ಅಕ್ಕಿಯಿಲ್ಲದೆ ಇಡ್ಲಿ ಮಾಡುವುದು ಹೇಗೆಂದು ಯೋಚಿಸಿದ ಮಯ್ಯರು ಗೋಧಿ ರವೆಯನ್ನು ಪ್ರಯೋಗಿಸಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ.

ರವೆ ಇಡ್ಲಿಯ ಗುಟ್ಟು ಅದರ ಮಾಡುವ ವಿಧಾನದಲ್ಲಿದೆ. ಉದ್ದು ನೆನೆಸಿ ರುಬ್ಬಬೇಕಿಲ್ಲ, ಹಿಟ್ಟು ಹುಳಿಯಲೆಂದು ರಾತ್ರಿಯಿಡೀ ಕಾಯಬೇಕಿಲ್ಲ. ತುಪ್ಪದಲ್ಲಿ ಸಾಸಿವೆ, ಗೋಡಂಬಿ, ಹಸಿಮೆಣಸಿನ ಒಗ್ಗರಣೆ ಹಾಕಿ ರವೆಯನ್ನು ಘಮ್ಮೆನ್ನುವಂತೆ ಹುರಿಯುತ್ತಾರೆ. ಆರಿದ ಮೇಲೆ ಮೊಸರು, ಸೋಡಾ ಬೆರೆಸುತ್ತಾರೆ. ಮೊಸರಿನ ಹುಳಿ ಸೋಡಾಕ್ಕೆ ತಾಗಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಹಿಟ್ಟನ್ನು ಉಬ್ಬಿಸುತ್ತದೆ. ಹಬೆ ಹತ್ತಿದರೆ ಇಡ್ಲಿ ಸಿದ್ಧ. ಮೊಸರೊಂದನ್ನು ಬಿಟ್ಟರೆ ಮುಖ್ಯ ಸಾಮಗ್ರಿಯೆಲ್ಲ ಒಣಗಿದ್ದೇ. ಹುರಿದ ರವೆಯಲ್ಲಿ ತೇವ ಕಡಿಮೆ, ಬೇಗ ಹುಳು ಹಿಡಿಯುವುದಿಲ್ಲ. ಪೊಟ್ಟಣ ಕಟ್ಟಿ ಮಾರುವುದಕ್ಕೆ ಇದಕ್ಕಿಂತ ಅನುಕೂಲದ ತಿಂಡಿ ಸಿಗುವುದು ಕಷ್ಟ. ಮುಂದಿನ ತಲೆಮಾರು ಹಿಡಿದದ್ದು ಇದೇ ದಾರಿಯನ್ನು.

ತುರ್ತುಪರಿಸ್ಥಿತಿ ತಂದ ತಿರುವು

1975ರಲ್ಲಿ ತುರ್ತುಪರಿಸ್ಥಿತಿ ಜಾರಿಯಾದಾಗ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರ ಇಳಿಸಿತು. ಆ ಬೆಲೆಗೆ ಹಳೆಯ ಗುಣಮಟ್ಟದಲ್ಲಿ ತಿಂಡಿ ಕೊಟ್ಟರೆ ನಷ್ಟ. ಗುಣಮಟ್ಟ ಇಳಿಸಲು ಮಯ್ಯರಿಗೆ ಮನಸ್ಸಿರಲಿಲ್ಲ. ದಿನದಿನದ ನಷ್ಟದ ಲೆಕ್ಕವನ್ನು ಹೋಟೆಲಿನ ಮುಂದೆ ಬರೆದು ಹಾಕುತ್ತಿದ್ದರು ಎಂಬ ಮಾತು ಈಗಲೂ ಪ್ರಚಲಿತ. ಕೊನೆಗೆ ಹೋಟೆಲು ಬಾಗಿಲು ಹಾಕಿತು. ನೆಚ್ಚಿಕೊಂಡಿದ್ದ ಕೆಲಸಗಾರರನ್ನು ಕೈಬಿಡದೆ ಉಳಿಸಿಕೊಳ್ಳಲು ಪಕ್ಕದಲ್ಲೇ ಮಸಾಲೆ ಪುಡಿ, ದಿಢೀರ್ ತಿಂಡಿ ಮಿಶ್ರಣಗಳ ತಯಾರಿಕೆ, ಮಾರಾಟಕ್ಕೆ ಕೈಹಾಕಿದರು. ಹೋಟೆಲಿನ ಬಾಗಿಲು ಮತ್ತೆ ತೆರೆಯಿತಾದರೂ ಪೊಟ್ಟಣಗಳ ವ್ಯವಹಾರ ನಿಲ್ಲಲಿಲ್ಲ.

ಈ ವ್ಯವಹಾರವನ್ನು ಎಂಟಿಆರ್ ಫುಡ್ಸ್ ಎಂಬ ದೊಡ್ಡ ಕಂಪನಿಯಾಗಿ ಬೆಳೆಸಿದವರು ಯಜ್ಞನಾರಾಯಣ ಮಯ್ಯರ ಮಗ ಸದಾನಂದ ಮಯ್ಯ. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಬಂತು. ಅಡುಗೆಭಟ್ಟರ ಕೈಅಳತೆಯಲ್ಲಿದ್ದ ರುಚಿಯನ್ನು ತೂಕ, ಉಷ್ಣತೆ, ತೇವಾಂಶದ ಲೆಕ್ಕಕ್ಕೆ ಇಳಿಸುವುದು ಕಾರ್ಖಾನೆಯ ಮೊದಲ ಸವಾಲು. ಪ್ರತಿ ವರ್ಷದ ಮೆಣಸಿನಕಾಯಿ, ಧನಿಯಾ ಬೆಳೆಯ ಖಾರ, ಘಮ ಒಂದೇ ಸಮ ಇರುವುದಿಲ್ಲ. ಪುಡಿಯ ರುಚಿ ಮಾತ್ರ ಬದಲಾಗುವಂತಿಲ್ಲ.

ಮುಂದಿನ ಹೆಜ್ಜೆ, ಬಿಸಿ ಮಾಡಿ ತಿನ್ನುವ ಸಿದ್ಧ ಅಡುಗೆ. ಇದಕ್ಕೆ ನೆರವಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನ. ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯೂಮಿನಿಯಂ ಹಾಳೆ ಇರುವ ಚೀಲದಲ್ಲಿ ಅಡುಗೆ ತುಂಬಿ, ಬಾಯಿ ಮುಚ್ಚಿ, ಒತ್ತಡದಡಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡುತ್ತಾರೆ. ಕೆಡಿಸುವ ಸೂಕ್ಷ್ಮಾಣುಗಳು ಸಾಯುವುದರಿಂದ ಪಲ್ಯ, ಬಿಸಿಬೇಳೆಬಾತ್ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತವೆ. ಸೈನಿಕರ ಊಟಕ್ಕೆಂದು ರೂಪಿಸಿದ ವಿಧಾನ ಹೀಗೆ ಹೊರನಾಡ ಕನ್ನಡಿಗರ ಅಡುಗೆಮನೆ ಸೇರಿತು.

ಮೂರು ಕವಲು

2007ರಲ್ಲಿ ಎಂಟಿಆರ್ ಫುಡ್ಸ್ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು. ಮುಂದೆ ಓರ್ಕ್ಲಾ ಕೇರಳದ ಈಸ್ಟರ್ನ್ ಮಸಾಲೆ ಕಂಪನಿಯನ್ನೂ ತನ್ನದಾಗಿಸಿಕೊಂಡಿತು. ಎರಡನ್ನೂ ಒಳಗೊಂಡ ಓರ್ಕ್ಲಾ ಇಂಡಿಯಾ 2025ರಲ್ಲಿ ಷೇರುಪೇಟೆಗೆ ಬಂತು. ಪೊಟ್ಟಣದ ಮೇಲಿನ ಹೆಸರು ಮಾವಳ್ಳಿಯದ್ದೇ ಆದರೂ ಒಡೆತನದಲ್ಲಿ ಮಯ್ಯ ಮನೆತನವಿಲ್ಲ.

ಹೋಟೆಲು ಈ ಮಾರಾಟದಲ್ಲಿ ಸೇರಿರಲಿಲ್ಲ. ಅದು ಮನೆತನದ ಇನ್ನೊಂದು ಶಾಖೆಗೆ, ಹರಿಶ್ಚಂದ್ರ ಮಯ್ಯರಿಗೆ ಸೇರಿದ್ದು. ಅವರ ಮಕ್ಕಳಾದ ಹೇಮಮಾಲಿನಿ, ವಿಕ್ರಂ, ಅರವಿಂದ್ ಮಯ್ಯ ಅದನ್ನು ನಡೆಸುತ್ತಾ ಬೆಂಗಳೂರಿನ ಬೇರೆ ಬಡಾವಣೆಗಳಿಗೂ ಸಿಂಗಪುರ, ದುಬೈಗಳಿಗೂ ಒಯ್ದಿದ್ದಾರೆ. 2024ಕ್ಕೆ ಹೋಟೆಲು ನೂರು ವರ್ಷ ಪೂರೈಸಿತು.

ಸದಾನಂದ ಮಯ್ಯರು ಕಂಪನಿ ಮಾರಿದ ಮೇಲೆ ‘ಮಯ್ಯಾಸ್’ ಹೆಸರಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದರು: ಜಯನಗರದಲ್ಲಿ ಹೋಟೆಲು, ಕನಕಪುರ ರಸ್ತೆಯಲ್ಲಿ ಕಾರ್ಖಾನೆ, ಕುರುಕಲು ತಿಂಡಿ, ಸಿಹಿ, ಸಿದ್ಧ ಆಹಾರಗಳ ಪೊಟ್ಟಣ. ಹೋಟೆಲು, ಅದರ ಬೆನ್ನಿಗೆ ತಯಾರಿಕೆ ಎಂಬ ಹಳೆಯ ಕ್ರಮವೇ ಇಲ್ಲೂ ಮುಂದುವರಿಯಿತು. ವ್ಯತ್ಯಾಸವಿಷ್ಟೇ: ಹಿಂದೆ ಮನೆತನ ಅಕ್ಕಿಯ ಅಭಾವ, ಬೆಲೆ ನಿಯಂತ್ರಣಗಳ ಒತ್ತಡಕ್ಕೆ ಸಿಕ್ಕಿ ಹೊಸ ಹಾದಿ ಹಿಡಿದಿತ್ತು; ಈ ಸಲ ಕಾರ್ಖಾನೆ ಮೊದಲಿನಿಂದಲೇ ಯೋಜನೆಯ ಭಾಗವಾಗಿತ್ತು.